ಹಿಸ್ಸೆಗೆ ಬಿದ್ದ ಕಂಪ್ಯೂಟರು

ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಪ್ರೆಸ್ಸಿನಲ್ಲಿ ಯಾರೂ ಕೆಲಸ ನಿಲ್ಲಿಸಲಿಲ್ಲ. ಮಷಿನ್ ನಡೆಸುವವನು ಕೈಯ ಮಸಿ ಒರೆಸಿಕೊಳ್ಳುತ್ತ, "ಮುಂಜಾನೆನೋ, ನಿನ್ನೆ ಸಂಜಿಗೋ?" ಎಂದು ಕೇಳಿದ. ನಿನ್ನೆ ಸಂಜೆ ಎಂದೆ. "ಹಂಗಾರ ಇಷ್ಟೊತ್ತಿಗೆ ಮಣ್ಣೂ ಆಗಿರ್ತೈತಿ ಬಿಡ್ರಿ," ಎಂದು ಮತ್ತೆ ಕಾಗದ ಹೊಂದಿಸಲು ನಿಂತ. ಬೈಂಡಿಂಗಿಗೆ ಕೂತ ಹೆಂಗಸರಲ್ಲಿ ಒಬ್ಬಳು ಮಾತ್ರ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅದು ಸತ್ತವರಿಗಾಗಿಯೋ ಫ್ಯಾನಿನ ಗಾಳಿಗೋ, ನಾನು ಹೇಳಲಾರೆ.

ಹೆಸರು ಬರೆಯುವುದಿಲ್ಲ. ಅವರ ಅಣ್ಣನ ಮನೆಯವರು ಇನ್ನೂ ಲಕ್ಷ್ಮೇಶ್ವರದಲ್ಲೇ ಇದ್ದಾರೆ, ಅವರಿಗೆ ಈ ಹೆಸರು ಕೇಳುವುದೇ ಬೇಡವಾಗಿದೆ.

ನಮ್ಮದು ಗದಗಿನ ಹಳೆಯ ಮುದ್ರಣಾಲಯ. ಲಗ್ನಪತ್ರಿಕೆ, ಶಾಲೆಯ ನೋಟುಬುಕ್ಕು, ಮಠಗಳ ಪುಸ್ತಿಕೆ, ಆಗೊಮ್ಮೆ ಈಗೊಮ್ಮೆ ಒಂದು ಕವನಸಂಕಲನ. ನಾನು ಬೆಟಗೇರಿಯಿಂದ ಸೈಕಲ್ಲಿನಲ್ಲಿ ಹೋಗಿ ಪ್ರೂಫ್ ತಿದ್ದುವವನು. ಅವರು ಲಕ್ಷ್ಮೇಶ್ವರದಿಂದ ಮೊದಲ ಬಸ್ಸಿಗೆ ಬಂದು ಕಂಪ್ಯೂಟರಿನಲ್ಲಿ ಪುಟ ಕಟ್ಟುವವರು. ಎತ್ತರದ ಒಣಕಲು ಮೈ, ಇಸ್ತ್ರಿ ಮುರಿಯದ ಬಿಳಿ ಅಂಗಿ, ದಪ್ಪ ಗಾಜಿನ ಚಾಳೀಸು. ಯಾರಿಗಾದರೂ ಚುಚ್ಚುವ ಮಾತು ಹೇಳುವ ಮುಂಚೆ ಅವರು ಚಾಳೀಸು ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಅವರ ಕೈ ಚಾಳೀಸಿಗೆ ಹೋಯಿತೆಂದರೆ ನಾವೆಲ್ಲ ತಲೆ ತಗ್ಗಿಸಿ, ಇವತ್ತು ಯಾರ ಸರದಿಯೋ ಎಂದು ಕಾಯುತ್ತಿದ್ದೆವು.

ಒಮ್ಮೆ ಮುಂಡರಗಿಯಿಂದ ನಿವೃತ್ತ ಮಾಸ್ತರರೊಬ್ಬರು ತಮ್ಮ ಕವಿತೆಗಳನ್ನು ಗುಂಡಗಿನ ಅಕ್ಷರದಲ್ಲಿ ಬರೆದು ತಂದಿದ್ದರು. ಜೀವಮಾನದ ಕೆಲಸ. ಇವರು ಅದನ್ನು ಎರಡೇ ದಿನದಲ್ಲಿ ಒಂದು ಕಾಗುಣಿತವೂ ತಪ್ಪದಂತೆ ಕಟ್ಟಿ ಮುಗಿಸಿದರು. ಪ್ರೂಫ್ ನೋಡಲು ಬಂದ ಮಾಸ್ತರರು ಖುಷಿಯಿಂದ, "ಎಲ್ಲಾ ಸರಿ ಐತೇನ್ರಿ?" ಎಂದು ಕೇಳಿದರು. ಇವರ ಕೈ ಚಾಳೀಸಿಗೆ ಹೋಯಿತು.

"ಸರ್, ತಪ್ಪು ಒಂದೂ ಇಲ್ಲ. ಓದಾಕೂ ಏನೂ ಇಲ್ಲ."

ಮಾಸ್ತರರು ಸ್ವಲ್ಪ ಹೊತ್ತು ನಗುತ್ತಲೇ ನಿಂತಿದ್ದರು. ಆಮೇಲೆ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಹೋದರು. ಆ ಪುಸ್ತಕ ಬೇರೆ ಎಲ್ಲಿಯೂ ಅಚ್ಚಾದದ್ದನ್ನು ನಾನು ಕಾಣಲಿಲ್ಲ.

ಕಳಸಾಪುರದ ಒಬ್ಬ ರೈತ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದ. ಸುಖಾಗಮನ ಬಯಸುವವರು ಎಂಬಲ್ಲಿ ಅಣ್ಣತಮ್ಮ, ಅಳಿಯ, ಬೀಗ, ಊರ ಪ್ರಮುಖರು ಎಲ್ಲರ ಹೆಸರೂ ಬರಬೇಕು ಅವನಿಗೆ. ಪತ್ರಿಕೆಯಲ್ಲಿ ಜಾಗ ಉಳಿದಿರಲಿಲ್ಲ. "ಬಯಸೂ ಮಂದಿನ ಇಷ್ಟ ಆದ್ರ ಬರೂ ಮಂದಿ ಯಾರಪಾ?" ಎಂದರು ಇವರು. ಅವನು ಪತ್ರಿಕೆ ಬೇರೆ ಪ್ರೆಸ್ಸಿನಲ್ಲಿ ಮಾಡಿಸಿದ. ಮಾಲೀಕರು ಇವರನ್ನು ಬಯ್ಯಲಿಲ್ಲ. ಇವರಷ್ಟು ಚೊಕ್ಕ ಕೆಲಸ ಮಾಡುವವರು ಇನ್ನೊಬ್ಬರು ಸಿಕ್ಕಿದ್ದರೆ ಎಂದೋ ಕಳಿಸಿಬಿಡುತ್ತಿದ್ದರು.

ನನಗೆ ಚಿಕ್ಕಂದಿನಿಂದ ಮಾತು ತಡವರಿಸುತ್ತದೆ. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಬಿದ್ದರೆ ಹೊರಗೆ ಬರಲು ಹೊತ್ತು ಬೇಕು. ಹೀಗಿರುವವನಿಗೆ ಪ್ರೂಫ್ ತಿದ್ದುವ ಕೆಲಸ ಒಳ್ಳೆಯದು, ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ. ಆದರೆ ಅವರು ನನ್ನನ್ನು ನನ್ನ ಪಾಡಿಗೆ ಬಿಡುತ್ತಿರಲಿಲ್ಲ. ನನ್ನ ಮಾತು ಸಿಕ್ಕಿಬಿದ್ದಾಗಲೆಲ್ಲ ಅದನ್ನು ತಾವೇ ಮುಗಿಸುತ್ತಿದ್ದರು, ಬೇಕೆಂದೇ ತಪ್ಪಾಗಿ. ಒಮ್ಮೆ ಮಾಲೀಕರ ಮುಂದೆ ನಿಂತು, "ನನಗ ನಾಳೆ ರ... ರ..." ಎನ್ನುತ್ತಿದ್ದೆ. ಹಿಂದಿನಿಂದ ಇವರು, "ರಾಜೀನಾಮೆ ಕೊಡ್ತಾನಂತ ತಗೋರಿ," ಎಂದರು. ಮಾಲೀಕರು ಗಾಬರಿಯಾದರು. ನಾನು ಕೇಳಬೇಕೆಂದಿದ್ದುದು ರಜೆ. ಎಲ್ಲರೂ ನಕ್ಕರು. ಮರುದಿನ ನಾನು ರಜೆ ಹಾಕದೆ ಕೆಲಸಕ್ಕೇ ಬಂದೆ.

ಇಂಥವರ ಮನೆಗೆ ನಾನು ವರ್ಷಗಟ್ಟಲೆ ರವಿವಾರ ತಪ್ಪದೆ ಹೋದೆ. ಅದಕ್ಕೆ ಕಾರಣ ಅಕ್ಷರ.

ನಮ್ಮ ಪ್ರೆಸ್ಸಿನಲ್ಲಿ ಮೊದಲು ಸೀಸದ ಅಚ್ಚುಮೊಳೆಗಳಿದ್ದವು. ಕಂಪ್ಯೂಟರು ಬಂದ ಮೇಲೆ ಅವನ್ನು ತೂಕಕ್ಕೆ ಹಾಕಿದರು. ಹಾಕುವ ಮುಂಚೆ ಇವರು ಒಂದೊಂದು ಮೊಳೆಗೂ ಮಸಿ ಹಚ್ಚಿ ಕಾಗದಕ್ಕೆ ಒತ್ತಿಟ್ಟುಕೊಂಡಿದ್ದರು. ಆ ಅಕ್ಷರಗಳ ಮೇಲಿಂದ ಒಂದು ಹೊಸ ಕನ್ನಡ ಫಾಂಟು ಮಾಡಬೇಕೆಂಬ ಹುಚ್ಚು ಅವರಿಗೆ. ಮನೆಯ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ, ಒಂದೊಂದೇ ಒತ್ತು, ಕೊಂಬು, ದೀರ್ಘ ಬಿಡಿಸುತ್ತಿದ್ದರು. ಅದನ್ನು ನೋಡಲು ಇನ್ನೊಂದು ಜೊತೆ ಕಣ್ಣು ಬೇಕಿತ್ತು.

"ಲೇ ತಮ್ಮಾ, ನಿನ್ನ ಬಾಯಂತೂ ದಂಡ," ಎಂದರು ಒಂದು ದಿನ. "ಕಣ್ಣು ನಡೀತಾವ. ರವಿವಾರ ಮನಿಗೆ ಬಾ."

ಅವರದು ಗಾದಿ ಮಾಡುವ ಮುಸಲ್ಮಾನ ಮನೆತನ, ಮನೆಯೊಳಗೂ ಕನ್ನಡವೇ. ಮುಂದಿನ ಪಡಸಾಲೆಯಲ್ಲಿ ಅಣ್ಣನ ಅಂಗಡಿ. ಅಣ್ಣ ಹತ್ತಿ ಹಿಂಜುವ ಮಷಿನ್ ನಡೆಸುತ್ತ, ಗಾದಿ ಹೊಲಿಯುತ್ತ ದಿನವಿಡೀ ಅಲ್ಲೇ ಇರುತ್ತಿದ್ದ. ಒಳಗೆ ಮುಪ್ಪಿನ ತಾಯಿ, ಅಣ್ಣನ ಹೆಂಡತಿ, ಅವರ ಒಬ್ಬಳೇ ಮಗಳು. ಇವರು ಮದುವೆಯಾಗಿರಲಿಲ್ಲ. ಹಿಂಭಾಗದ ಕೋಣೆ ಇವರದು. ಮನೆಯಲ್ಲಿ ಎಲ್ಲಿ ಕೈಯಿಟ್ಟರೂ ಹತ್ತಿಯ ಎಳೆ. ಕಂಪ್ಯೂಟರಿಗೆ ಹತ್ತಿ ಹೋದರೆ ಒಳಗಿನ ಫ್ಯಾನು ನಿಲ್ಲುತ್ತದೆಂದು ಕೋಣೆಯ ಬಾಗಿಲಿಗೆ ಒದ್ದೆ ಚಾದರ ಇಳಿಬಿಟ್ಟಿದ್ದರು. ಒಳಗೆ ಬರುವವರು ಹೊರಗೆ ಬಟ್ಟೆ ಝಾಡಿಸಿಕೊಂಡು ಬರಬೇಕು. ಹೆತ್ತ ತಾಯಿಗೂ ಅದೇ ನಿಯಮ.

ಮೊದಲ ಸಲ ಹೋದಾಗ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ ಒಳಗಿನದನ್ನೆಲ್ಲ ತೋರಿಸಿದರು. ಹೊಸದಾಗಿ ಬಂದ ಯಾರಿಗೂ ಅದು ತಪ್ಪುತ್ತಿರಲಿಲ್ಲವಂತೆ.

"ಇದು ಡಬ್ಬಿ. ಹುಬ್ಬಳ್ಳ್ಯಾಗ ಹರಾಜಿನಾಗ ತಗೊಂಡಿದ್ದು. ದಪ್ಪ ತಗಡ. ಈಗಿನವು ಹಪ್ಪಳ ಇದ್ದಂಗ, ಒತ್ತಿದ್ರ ಮುರೀತಾವ. ಇದು ಪವರ್ ಸಪ್ಲೈ, ಎತ್ತಿ ನೋಡು. ಹಗೂರ ಇದ್ದದ್ದು ತಗೊಂಡವ ತನ್ನ ಮನಿಗೆ ತಾನ ಬೆಂಕಿ ಇಟ್ಕೊಂಡಂಗ. ನಮ್ಮೂರಾಗ ಕರೆಂಟ್ ಹೋಗಿ ಬಂದು ಮಾಡಿದ್ರೂ ಇದು ಒಮ್ಮೆನೂ ಮಾರಿ ಸಣ್ಣದು ಮಾಡಿಲ್ಲ. ಇದು ಮದರ್‌ಬೋರ್ಡ್. ರ‍್ಯಾಮ್ ಹಾಕಾಕ ನಾಕು ಜಾಗಾ ಅದಾವ, ಒಂದು ಸತ್ತೈತಿ. ಸತ್ತಿದ್ದನ್ನ ನಾ ಮುಚ್ಚಿಡೂದಿಲ್ಲ, ಬಂದವ್ರಿಗೆಲ್ಲಾ ಹೇಳ್ತೀನಿ."

ರ‍್ಯಾಮ್ ಎರಡಿದ್ದವು, ಬೇರೆ ಬೇರೆ ಕಂಪನಿಯವು. "ಒಂದು ಚುರುಕು, ಒಂದು ಮಂದ," ಎಂದು ದನಿ ಎತ್ತರಿಸಿದರು. "ಎರಡೂ ಜೋಡಿ ಮಾಡಿದ್ರ ಚುರುಕು ಇದ್ದದ್ದೂ ಮಂದಾಗತೈತಿ. ನಮ್ಮಣ್ಣನ ಸಂಗಾಟ ನಾ ಇದ್ದಂಗ." ಚಾದರದ ಆಚೆ ಹಿಂಜುವ ಮಷಿನ್ ಆಗಷ್ಟೇ ನಿಂತಿತ್ತು. ಅಣ್ಣನಿಗೆ ಕೇಳಿಸದಿರಲು ಸಾಧ್ಯವೇ ಇರಲಿಲ್ಲ.

ಗ್ರಾಫಿಕ್ಸ್ ಕಾರ್ಡನ್ನು ಬೆರಳಿನಿಂದ ತಟ್ಟಿ, "ಇದು ಬರೇ ದಂಡ," ಎಂದರು. "ನಾ ಆಟ ಆಡಾಂವಲ್ಲ. ಅಂಗಡಿಯಾಂವ ನಿಮಗ ಇಂಥಾದ್ದು ಬೇಕಾಗೂದಿಲ್ರಿ ಅಂದ. ಅದಕ್ಕ ತಗೊಂಡೆ."

ಕಡೆಗೆ ಎರಡು ಡಿಸ್ಕುಗಳಿಗೆ ಬಂದರು. ಮೊದಲನೆಯದು ಹೊಸ ಬಗೆಯದು, ತೆಳ್ಳಗೆ, ಕಂಪ್ಯೂಟರು ಬೇಗ ಶುರುವಾಗಲೆಂದು ಹಾಕಿದ್ದು. ಅದರ ಮೇಲೆ ಅವರಿಗೆ ವಿಶ್ವಾಸವಿರಲಿಲ್ಲ, ಹೇಳದೆ ಕೇಳದೆ ಸಾಯುವ ಜಾತಿ ಎಂದರು. ಇನ್ನೊಂದು ಹಳೆಯ ಹಾರ್ಡ್ ಡಿಸ್ಕು. ಅದರ ಮೇಲೆ ಅಂಗೈ ಇಟ್ಟು, "ಇದು ಹಂಗಲ್ಲ. ಕೆಡೂ ಮುಂದ ಸಪ್ಪಳ ಮಾಡಿ ತಿಳಸತೈತಿ. ನನ್ನ ಅಕ್ಷರ ಎಲ್ಲಾ ಇದರಾಗ ಅದಾವ. ಇದು ಹೋದ್ರ ನಾ ಹೋದಂಗ," ಎಂದರು. ಇನ್ನೊಂದು ಕಡೆ ಪ್ರತಿ ಇಟ್ಟಿದ್ದೀರಾ ಎಂದು ತಡವರಿಸಿ ಕೇಳಿದೆ. ಪೆನ್ ಡ್ರೈವ್ ಎಂದರೆ ಹರಕು ಕಿಸೆ, ಇಂಟರ್ನೆಟ್ಟಿನಲ್ಲಿ ಇಡುವುದೆಂದರೆ ಮಂದಿಯ ಮನೆಯಲ್ಲಿ ಇಟ್ಟ ಹಾಗೆ ಎಂದರು.

ಅಷ್ಟು ಹೊತ್ತೂ ಅಣ್ಣನ ಮಗಳು ಚಹಾದ ಕಪ್ಪುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೈಸ್ಕೂಲಿಗೆ ಹೋಗುವ ಹುಡುಗಿ. ಅವಳ ಕಣ್ಣು ಬಿಚ್ಚಿದ ಕ್ಯಾಬಿನೆಟ್ಟಿನ ಒಳಗೇ ಇತ್ತು. "ಕಪ್ಪು ಇಟ್ಟು ನಡಿ, ಮೈಯಾಗಿಂದ ಹತ್ತಿ ಉದರತೈತಿ," ಎಂದರು ಇವರು.

ಆ ಹುಡುಗಿ ಮುಂದೆ ಪಿಯುಸಿಗೆ ವಿಜ್ಞಾನ ತೆಗೆದುಕೊಂಡಳು. ಅಷ್ಟರಲ್ಲಿ ಕೊರೊನಾ ಬಂದು ಕಾಲೇಜು ಮುಚ್ಚಿ, ಪಾಠವೆಲ್ಲ ಫೋನಿನ ಮೇಲೆ ಎಂದಾಯಿತು. ಮನೆಯಲ್ಲಿ ಇದ್ದದ್ದು ಅಪ್ಪನ ಒಂದೇ ಫೋನು, ಗಾಜು ಸೀಳಿದ್ದು. ಗಿರಾಕಿಗಳ ಕರೆ ಬಂದಾಗಲೆಲ್ಲ ಪಾಠ ನಿಲ್ಲುತ್ತಿತ್ತು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿತ್ತು, ಪ್ರೆಸ್ಸೂ ಮುಚ್ಚಿದ್ದರಿಂದ ಇವರಿಗೆ ಅದರ ಮುಂದೆ ಹೊತ್ತು ಕಳೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಅವಳು ಒಂದು ದಿನ ಒದ್ದೆ ಚಾದರದ ಹೊರಗೆ ನಿಂತು, ದಿನಕ್ಕೆ ಎರಡು ತಾಸು ಕಂಪ್ಯೂಟರು ಕೊಡುತ್ತೀರಾ ಎಂದು ಕೇಳಿದಳು.

ಮುಂದೆ ಆದದ್ದನ್ನು ಪ್ರೆಸ್ಸು ತೆರೆದ ಮೇಲೆ ಅವರೇ ನಮ್ಮೆಲ್ಲರ ಮುಂದೆ ಚಹಾ ಕುಡಿಯುತ್ತ ಹೇಳಿದರು.

"ಕೈ ತೋರಸು ಅಂದೆ. ಬೆರಳ ತುಂಬ ಹತ್ತಿ. ತೊಳಕೊಂಡು ಬಾ ಅಂದೆ. ಸಾಬಾಣ ಹಚ್ಚಿ ತೊಳಕೊಂಡು ಬಂದ್ಲು. ಆಮ್ಯಾಲ ಅಂದೆ, ಕೈ ಸ್ವಚ್ಛ ಆತು. ತಲಿ?"

ಮಷಿನ್ ನಡೆಸುವವನು ನಕ್ಕ. ಬೈಂಡಿಂಗಿನ ಹೆಂಗಸರು ನಗಲಿಲ್ಲ. ಆ ಹುಡುಗಿ ಏನು ಮಾಡಿದಳು ಎಂದು ಅವರಲ್ಲೊಬ್ಬಳು ಕೇಳಿದಳು.

"ಏನ್ ಮಾಡ್ತಾಳ? ಹೋದ್ಲು."

ಅವಳು ಮತ್ತೆ ಕೇಳಲಿಲ್ಲ. ಕಾಲೇಜು ತೆರೆದಾಗ ಓದಿನಲ್ಲಿ ತೀರ ಹಿಂದೆ ಬಿದ್ದಿದ್ದಳು. ಕೆಲವು ದಿನ ಹೋಗಿ ಬಂದು, ಒಂದು ಮುಂಜಾನೆ ಪುಸ್ತಕಗಳನ್ನೆಲ್ಲ ಹತ್ತಿಯ ಅಂಡಿಗೆಗಳ ಹಿಂದೆ ಹಾಕಿ, ಗಾದಿಯ ಖೋಳಿ ಹೊಲಿಯಲು ತಾಯಿಯ ಪಕ್ಕ ಕೂತಳಂತೆ. ವರ್ಷದೊಳಗೆ ಶಿರಹಟ್ಟಿಗೆ ಕೊಟ್ಟು ಮದುವೆ ಮಾಡಿದರು. ಹುಡುಗ ಆನ್‌ಲೈನ್ ಅರ್ಜಿ ತುಂಬಿ ಕೊಡುವ ಅಂಗಡಿ ಇಟ್ಟಿದ್ದ. ಆ ಮದುವೆಯ ಪತ್ರಿಕೆಯನ್ನು ಇವರೇ ಕಟ್ಟಿದರು. ತಮ್ಮ ಹೊಸ ಅಕ್ಷರದಲ್ಲಲ್ಲ, ಪ್ರೆಸ್ಸಿನಲ್ಲಿ ಎಲ್ಲರಿಗೂ ಬಳಸುವ ಅಕ್ಷರದಲ್ಲಿ. ಹೊಸದು ಯಾಕೆ ಬೇಡ ಎಂದು ಕೇಳಿದ್ದಕ್ಕೆ, "ಅದು ಪುಸ್ತಕದ ಅಕ್ಷರ. ಇದಕ್ಕ ಇದು ಸಾಕು," ಎಂದರು.

ತಾಯಿ ತೀರಿದ ಮೇಲೆ ಅಣ್ಣ ತಮ್ಮ ಬೇರೆಯಾಗುವುದೆಂದು ಆಯಿತು. ಹಿಸ್ಸೆಯ ದಿನ ಇವರು ನನ್ನನ್ನು ಕರೆದರು. ಅವರ ಕಡೆಯಿಂದ ಕೂರಲು ಬೇರೆ ಯಾರೂ ಇರಲಿಲ್ಲ.

ಪಡಸಾಲೆಯಲ್ಲಿ ಜಮಖಾನೆ ಹಾಸಿ ಮೂವರು ಹಿರಿಯರು ಕೂತಿದ್ದರು. ಅಣ್ಣ ಗೋಡೆಗೆ ಒರಗಿದ್ದ. ಅವನ ಹೆಂಡತಿ, ಇವರು ಭಾಬಿ ಎನ್ನುತ್ತಿದ್ದಾಕೆ, ಒಳಬಾಗಿಲಲ್ಲಿ ನಿಂತಿದ್ದಳು. ಮಗಳು ಹಾಲುಗೂಸು ಎತ್ತಿಕೊಂಡು ಶಿರಹಟ್ಟಿಯಿಂದ ಬಂದಿದ್ದಳು, ಆದರೆ ಪರದೆಯ ಹಿಂದೆ ಇದ್ದಳು. ಅಂಗಡಿ ಅಣ್ಣನಿಗೆ, ಹಿಂದಿನ ಕೋಣೆ ಮತ್ತು ಅಡುಗೆಮನೆಯ ಅರ್ಧ ಇವರಿಗೆ, ನಡುವೆ ಗೋಡೆ ಎಂದು ಮಾತಾಯಿತು. ಜಗಳವಿಲ್ಲದೆ ಮುಗಿಯಿತೆಂದು ಹಿರಿಯರು ಏಳುವುದರಲ್ಲಿದ್ದರು.

"ಕಂಪ್ಯೂಟರ್ ಉಳೀತಲ್ರಿ," ಎಂದಳು ಭಾಬಿ.

ಹಿರಿಯರಲ್ಲಿ ಒಬ್ಬರು, "ಅದು ಅವನ ಕೆಲಸದ ಸಾಮಾನು, ಬಿಡವಾ," ಎಂದರು.

"ಮನಿ ಒಂದಿದ್ದಾಗ ಬಂದ ಸಾಮಾನ್ರಿ. ನನ್ನ ಮಗಳು ಎರಡು ತಾಸು ಕೇಳಿದ್ಲು, ಕೊಡಲಿಲ್ಲ. ಈಗ ನಾ ಅರ್ಧ ಕೇಳ್ತೀನಿ."

"ಅರ್ಧ ಕಿಮ್ಮತ್ತು ಕೊಡಸೋಣು."

"ಕಿಮ್ಮತ್ತು ಬ್ಯಾಡ್ರಿ. ವಸ್ತು ಬೇಕು."

ಹಿರಿಯರು ಅಣ್ಣನ ಕಡೆ ನೋಡಿದರು. ಅವನು ಜಮಖಾನೆಯ ಎಳೆ ಕೀಳುತ್ತ, "ಆಕಿ ಹೇಳಿದಂಗ ಆಗ್ಲಿ," ಎಂದ. ತಮ್ಮನ ವಿರುದ್ಧ ಅವನು ಆಡಿದ ಮಾತು ನಾನು ಕೇಳಿದ್ದು ಅದೊಂದೇ.

ಇವರು ಚಾಳೀಸು ತೆಗೆದು ಒರೆಸಿದರು. ಏನೋ ಕಟುವಾದದ್ದು ಬರುತ್ತದೆಂದು ನಾನು ಕಾದೆ. ಆದರೆ ಅವರು ನಕ್ಕು, "ಆತು, ಹಂಚೋಣು," ಎಂದು ಎದ್ದರು. ಕಂಪ್ಯೂಟರನ್ನು ಹೊತ್ತು ತಂದು ಹಿರಿಯರ ನಡುವೆ ಇಟ್ಟರು. ಒಂದು ಬಿಳಿ ಚಾದರ ಹಾಸಿ, ಸ್ಕ್ರೂ ಬಿಚ್ಚಿ, ಒಂದೊಂದೇ ಭಾಗ ತೆಗೆದು ಸಾಲಾಗಿ ಇಡುತ್ತ ಹೋದರು. ಅವಸರ ಮಾಡಲಿಲ್ಲ. ಪ್ರತಿಯೊಂದರ ಗುಣ ದೋಷ ಹೇಳಿದರು. ಪವರ್ ಸಪ್ಲೈ ಭೇಷಿ, ಇನ್ನೂ ಬಾಳುತ್ತದೆ. ಬೋರ್ಡಿನಲ್ಲಿ ಒಂದು ಜಾಗ ಸತ್ತಿದೆ. ಪ್ರೊಸೆಸರ್ ಹಳೆಯದು, ಆದರೆ ಬಿಸಿಯಾಗುವುದಿಲ್ಲ. ಕೀಬೋರ್ಡಿನ ಅಕ್ಷರ ಅಳಿಸಿವೆ, ನೋಡದೆ ಒತ್ತಲು ಬರುವವರಿಗಷ್ಟೇ ಉಪಯೋಗ. ಮಾನಿಟರಿನಲ್ಲಿ ಕೆಂಪು ತುಸು ಹೆಚ್ಚು ಕಾಣುತ್ತದೆ. ಎಲ್ಲವೂ ಖರೆ. ಹಿರಿಯರು ತಲೆದೂಗುತ್ತ ಕೇಳಿದರು, ಮದುವೆಯ ಮನೆಯಲ್ಲಿ ಬಂಗಾರ ನೋಡುವವರ ಹಾಗೆ.

ಹಾರ್ಡ್ ಡಿಸ್ಕನ್ನು ಕೈಯಲ್ಲಿ ಹಿಡಿದು ಕ್ಷಣ ತಡೆದರು.

"ಇದು ಕೆಟ್ಟಂಗನ. ಇವತ್ತೋ ನಾಳಿಗೋ. ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ," ಎಂದು ಚಾದರದ ಅಂಚಿಗೆ ಸರಿಸಿದರು.

ಕಂಪ್ಯೂಟರಿನ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಬ್ಬರಾದ ಮೇಲೊಬ್ಬರು ಆರಿಸಿಕೊಳ್ಳುವುದು ಎಂದಾಯಿತು. "ಭಾಬಿನ ಮದಲ ತಗೊಳ್ಳಿ," ಎಂದರು ಇವರು. ನನ್ನ ಕಡೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ, "ದೊಡ್ಡದು ಯಾವುದೈತೋ ಅದನ್ನ ತಗೋತಾಳ ನೋಡು," ಎಂದರು. ಆಕೆ ನಿಜವಾಗಿಯೂ ಮಾನಿಟರಿನ ಕಡೆ ಕೈ ಚಾಚಿದ್ದಳು. ಪರದೆ ಸರಿಸಿ ಮಗಳು ಹೊರಗೆ ಬಂದಳು. ಕೂಸು ಹೆಗಲ ಮೇಲೆ ಮಲಗಿತ್ತು.

"ಅವ್ವಾ, ಅದು ಪ್ಯಾಟ್ಯಾಗ ಸಿಗತೈತಿ. ಆ ಡಿಸ್ಕ್ ತಗೋ."

"ಅದು ಕೆಟ್ಟೈತಿ ಅಂತ ಹೇಳಿದ್ನೆಲ್ಲ," ಎಂದರು ಇವರು.

"ಸಪ್ಪಳ ಮಾಡಿಲ್ಲ ಕಾಕಾ. ಕೆಡೂ ಮುಂದ ಸಪ್ಪಳ ಮಾಡತೈತಿ ಅಂತ ಬಂದವ್ರ ಮುಂದೆಲ್ಲಾ ನೀವ ಹೇಳ್ತಿದ್ರಿ."

ಹಿರಿಯರಿಗೆ ಇದರಲ್ಲಿ ಏನಿದೆ ಎಂದು ಅರ್ಥವಾಗಲಿಲ್ಲ. ಸಣ್ಣ ಡಬ್ಬಿ, ಅದನ್ನೇ ಬೇಕೆನ್ನುತ್ತಾಳೆ. "ಆತು, ಡಿಸ್ಕ್ ಅವರದು," ಎಂದುಬಿಟ್ಟರು.

ಆಗ ನಾನು ಬಾಯಿ ತೆರೆದೆ. ಕೊಡುವ ಮುಂಚೆ ಒಳಗಿನ ಅಕ್ಷರಗಳದ್ದು ಒಂದು ಕಾಪಿ ತೆಗೆದುಕೊಳ್ಳಲಿ ಎಂದು ಹೇಳಬೇಕಿತ್ತು. ಹಿರಿಯರು ಬೇಡ ಎನ್ನುತ್ತಿರಲಿಲ್ಲ, ಒಂದರ್ಧ ತಾಸಿನ ಕೆಲಸ.

"ಒಂದು ಕ... ಕ... ಕಾ..."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಉಸಿರು ಕಟ್ಟಿ ಮತ್ತೆ ಪ್ರಯತ್ನಪಟ್ಟೆ. ಇವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಕಾಫಿ ಬೇಕಂತ ಇವಂಗ," ಎಂದರು. "ಬೆಟಗೇರಿ ಮಂದಿ ದೊಡ್ಡವ್ರು. ಚಾ ನಡೆಯೂದಿಲ್ಲ."

ಪಡಸಾಲೆ ತುಂಬ ನಗು. ಬಿಗುವಾಗಿ ಕೂತಿದ್ದ ಹಿರಿಯರು ಎಲ್ಲರಿಗಿಂತ ಹೆಚ್ಚು ನಕ್ಕರು. ಅಣ್ಣನೂ ನಕ್ಕ. ಮಗಳು ಮಾತ್ರ ನಗಲಿಲ್ಲ. ಅವಳು ನನ್ನನ್ನು ನೋಡಿದಳು, ಇನ್ನೂ ಏನಾದರೂ ಹೇಳುತ್ತಾನೇನೋ ಎಂದು ಕಾದಳು. ನನ್ನಿಂದ ಮತ್ತೆ ಮಾತು ಹೊರಡಲಿಲ್ಲ. ಅವಳು ಡಿಸ್ಕನ್ನು ಕೂಸಿನ ಬಟ್ಟೆಯಲ್ಲಿ ಸುತ್ತಿಕೊಂಡು ಒಳಗೆ ಹೋದಳು.

ಉಳಿದ ಹಂಚಿಕೆ ಬೇಗ ಮುಗಿಯಿತು. ಇವರಿಗೆ ಬೋರ್ಡು, ಅವರಿಗೆ ಪ್ರೊಸೆಸರು. ಇವರಿಗೊಂದು ರ‍್ಯಾಮು, ಅವರಿಗೊಂದು. ಇವರಿಗೆ ಮಾನಿಟರು, ಅವರಿಗೆ ಕೀಬೋರ್ಡು. ಅಣ್ಣ ತನ್ನ ಪಾಲನ್ನು ಹತ್ತಿಯ ಚೀಲದಲ್ಲಿ ತುಂಬಿ ಅಟ್ಟಕ್ಕೆ ಎಸೆದ.

ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಇವರು ಜೊತೆಗೆ ಬಂದರು. ದಾರಿಯಲ್ಲಿ ನನಗೆ ಮಾತು ಬಂತು.

"ಕಾ... ಕಾಪಿ ಅಂತ ಹೇಳಾಕ ಹೊಂಟಿದ್ದೆ, ಅಣ್ಣಾರ."

"ಗೊತ್ತಿತ್ತು."

"ಮತ್ತ?"

"ಆಕಿ ಮುಂದ ನಾ ಕೈ ಚಾಚಬೇಕಿತ್ತೇನು?"

ಬಸ್ಸು ಬರುವ ತನಕ ನಿಂತರು. ಕಿಟಕಿಯ ಹತ್ತಿರ ಬಂದು, ಮರುದಿನ ಮಠದ ಪುಸ್ತಿಕೆಯ ಪ್ರೂಫ್ ಆಗಬೇಕು, ಮರೆಯಬೇಡ ಎಂದರು.

ಆಮೇಲೆ ಅವರು ಹೊಸ ಡಿಸ್ಕು ಕೊಳ್ಳಲಿಲ್ಲ. ಅಕ್ಷರಗಳ ನಮೂನೆ ಅಚ್ಚು ಮಾಡಿದ ಹಾಳೆಗಳು, ನಾನು ಕೆಂಪು ಮಸಿಯಲ್ಲಿ ಗುರುತು ಹಾಕಿದವು, ಒಂದಿಷ್ಟು ನನ್ನ ಹತ್ತಿರ ಇದ್ದವು. ಅವುಗಳಿಂದ ಮತ್ತೆ ಬಿಡಿಸೋಣ ಎಂದೆ. ಅವರು ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು. ಅವರ ಕಣ್ಣು ಹೋಗುತ್ತಿದೆಯೆಂದು ನನಗೆ ತಿಳಿದದ್ದು ಆಗ. ಬಹಳ ವರ್ಷದ ಸಕ್ಕರೆ ಕಾಯಿಲೆ. ಹುಬ್ಬಳ್ಳಿಯಲ್ಲಿ ಲೇಸರ್ ಮಾಡಿಸಿಕೊಂಡು ಬಂದರು, ಅಷ್ಟೇನೂ ಉಪಯೋಗವಾಗಲಿಲ್ಲ. ಕಣ್ಣು ಮಂದವಾದಷ್ಟೂ ನಾಲಿಗೆ ಹರಿತವಾಯಿತು. ಅವರ ಪುಟಗಳಲ್ಲಿ ತಪ್ಪು ಬರತೊಡಗಿದವು. ನಾನು ತಿದ್ದಿದರೆ ನನ್ನನ್ನೇ ಬಯ್ಯುವರು. ಒಂದು ಪತ್ರಿಕೆಯಲ್ಲಿ ವಧುವಿನ ತಂದೆಗೆ ಕೈಲಾಸವಾಸಿ ಎಂದು ಬಿದ್ದುಹೋಯಿತು. ಆ ತಂದೆ ತಾನೇ ಪ್ರೆಸ್ಸಿಗೆ ಬಂದು, ನೋಡ್ರಿ ನಾ ಜೀವಂತ ಅದೀನಿ ಎಂದು ಮೇಜು ಗುದ್ದಿದ. ಮಾಲೀಕರು ಅದನ್ನೇ ಕಾಯುತ್ತಿದ್ದರೋ ಏನೋ, ವಾರದೊಳಗೆ ಒಂದು ಶಾಲು, ಒಂದು ಹಾರ ತರಿಸಿ ಬೀಳ್ಕೊಡುಗೆ ಮಾಡಿದರು.

ಶಾಲು ಹೊದಿಸಿದಾಗ ಇವರು ಅದರ ಅಂಚು ಹುಡುಕುತ್ತ ತಡವರಿಸಿದರು. ಮಷಿನ್ ನಡೆಸುವವನು, "ಅಣ್ಣಾರ, ಶಾಲ್ ಐತಿ ಅದು. ಕೈ ಒರಸ್ಕೊಂಡಗಿಂಡೀರಿ," ಎಂದ. ಎಲ್ಲರೂ ನಕ್ಕೆವು. ಇಷ್ಟು ವರ್ಷ ಅನ್ನಿಸಿಕೊಂಡವರೆಲ್ಲ ಒಟ್ಟಿಗೆ ನಕ್ಕ ನಗು ಅದು, ಬಹಳ ಹೊತ್ತು ನಡೆಯಿತು. ಅವರು ಚಾಳೀಸು ತೆಗೆದರು. ಆದರೆ ಯಾರು ಅಂದರೆಂದು ಅವರಿಗೆ ಕಾಣಿಸಿರಲಿಲ್ಲ, ಉತ್ತರ ಯಾರಿಗೆ ಕೊಡಬೇಕೆಂದು ತಿಳಿಯದೆ ಹಾಗೇ ನಿಂತರು.

ಕೆಲವು ತಿಂಗಳ ಮೇಲೆ ನಾನು ಶಿರಹಟ್ಟಿಗೆ ಹೋದೆ. ಅವರು ಕಳಿಸಿರಲಿಲ್ಲ. ಅವರ ಮೇಲಿನ ಮಮತೆಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಆ ಅಕ್ಷರಗಳ ಒಂದೊಂದು ತಿರುವನ್ನೂ ನಾನು ನೋಡಿ ಒಪ್ಪಿದ್ದೆ. ಅವು ನನಗೆ ಬೇಕಾಗಿದ್ದವು.

ಬಸ್‌ಸ್ಟ್ಯಾಂಡಿನ ಹತ್ತಿರದ ಆ ಅಂಗಡಿಯಲ್ಲಿ ಅವಳೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪಿಂಚಣಿಯ ಅರ್ಜಿಗೆ ಬಂದ ಮುದುಕಿಯೊಬ್ಬಳು ಎದುರಿಗಿದ್ದಳು. ನನ್ನನ್ನು ಗುರುತು ಹಿಡಿದು, "ಕುಂಡ್ರಿ," ಎಂದು ಸ್ಟೂಲು ಸರಿಸಿದಳು. "ಕಾಕಾ ಕಳಸ್ಯಾರೇನ್ರಿ?"

ಇಲ್ಲ ಎಂದೆ. ಬಂದ ಕಾರಣ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು.

"ಡಿಸ್ಕ್ ಐತ್ರಿ. ಈ ಕಂಪ್ಯೂಟರಿನ್ಯಾಗನ ಐತಿ. ಚಲೋ ನಡದೈತಿ. ಮಂದಿ ಅರ್ಜಿ, ಫೋಟೋ ಎಲ್ಲಾ ಅದರಾಗ ಇಡ್ತೀನಿ, ತುಂಬೇತಿ."

"ಅ... ಅಕ್ಷರ?"

"ನೋಡಿದೆ. ಅ ದಿಂದ ಹಿಡದು ಒಂದೊಂದೂ ದೊಡ್ಡದು ಮಾಡಿ ನೋಡಿದೆ. ಚಂದ ಇದ್ವು ರೀ. ಖರೇನ ಚಂದ ಇದ್ವು. ದಿನಾ ಅಂಗಡಿ ಮುಚ್ಚೂ ಮುಂದ ತಗದು ನೋಡ್ತಿದ್ದೆ. ಆಮ್ಯಾಲ ಅಳಸಿದೆ."

ಮುದುಕಿಯ ಹೆಬ್ಬೆರಳು ಹಿಡಿದು ಬೆರಳಚ್ಚಿನ ಮಷಿನ್ ಮೇಲೆ ಒತ್ತಿಸಿದಳು. ಮೊದಲ ಸಲ ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಆ ಬೆರಳನ್ನು ಒರೆಸಿ ಮತ್ತೆ ಒತ್ತಿಸಿದಳು.

"ಯಾ... ಯಾಕವಾ?" ಎಂದೆ.

"ಚಂದ ಇಲ್ಲದಿದ್ರ ಇಟ್ಟಿರ್ತಿದ್ದೆ," ಎಂದಳು, ಪರದೆಯ ಮೇಲಿಂದ ಕಣ್ಣು ತೆಗೆಯದೆ.

ಅಲ್ಲಿಂದ ನೇರ ಲಕ್ಷ್ಮೇಶ್ವರಕ್ಕೆ ಹೋದೆ. ಮನೆಯ ನಡುವೆ ಗೋಡೆ ಎದ್ದಿತ್ತು. ಇವರು ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಕಾಲಿಗೆ ಬಾವು ಬಂದಿತ್ತು, ಕಣ್ಣಿಗೆ ಬೆಳಕಿನ ಸುಳಿವಷ್ಟೇ. ದನಿಯಿಂದ ನನ್ನನ್ನು ಗುರುತಿಸಿ, "ಯಾಕ ಬಂದಿ?" ಎಂದರು. ಹೋದದ್ದು, ಕೇಳಿದ್ದು, ಅವಳು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಹೇಳದೆ ಇರಬಹುದಿತ್ತು. ಹೇಳಬೇಕೆನಿಸಿತು.

ಗೋಡೆಯ ಆಚೆ ಅಣ್ಣನ ಹಿಂಜುವ ಮಷಿನ್ ನಡೆದಿತ್ತು.

"ಬರೇ ಡಿಲೀಟ್ ಮಾಡ್ಯಾಳೋ, ಅದರ ಮ್ಯಾಲ ಮತ್ತೇನರ ತುಂಬ್ಯಾಳೋ?" ಎಂದು ಕೇಳಿದರು.

"ತುಂಬ್ಯಾಳ್ರಿ. ಮಂದಿ ಅರ್ಜಿ, ಫೋಟೋ. ಡಿಸ್ಕ್ ತುಂಬೇತಿ."

"ಹಂಗಾರ ಇನ್ನ ಯಾರೂ ತಗ್ಯಾಕಾಗೂದಿಲ್ಲ." ಆಮೇಲೆ ಅಂದರು: "ಚೊಕ್ಕ ಕೆಲಸ ಮಾಡ್ಯಾಳ."

ಇನ್ನೊಬ್ಬರ ಕೆಲಸವನ್ನು ಅವರು ಮೆಚ್ಚಿ ಮಾತಾಡಿದ್ದು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಹೊರಡಲು ಎದ್ದೆ. ಬಾಗಿಲು ದಾಟುವಾಗ ಕರೆದರು.

"ಲೇ ತಮ್ಮಾ. ನಾ ಹಿಂಗಂದೆ ಅಂತ ಆಕಿ ಮುಂದ ಹೇಳಬ್ಯಾಡ."

ಹೇಳಿಲ್ಲ.